ಮಾತು ಎತ್ತಿಕೊಡುವವನು

ಕೋಡಿಬಾಗದ ಶಾಲೆಯಂಗಳ, ಮಾರ್ಚ್ ತಿಂಗಳ ಸೆಕೆ.
ಸೈಡ್‌ವಿಂಗಿನ ಕತ್ತಲಲ್ಲಿ
ಮಗುಚಿಟ್ಟ ಮೀನುಬುಟ್ಟಿಯ ಮೇಲೆ ನಾನು,
ತೊಡೆಯ ಮೇಲೆ ಇನ್ನೂರು ಪುಟದ ನೋಟ್‌ಬುಕ್ಕು,
ಕಾಗದ ಸುತ್ತಿದ ಒಂದು ಬಲ್ಬು.

ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ,
ಮರೆತವರಿಗೆ ಮಾತು ಎತ್ತಿಕೊಡುವುದು.
ದನಿ ರಂಗದ ನಡುವಿಗೆ ಮುಟ್ಟಬೇಕು,
ಮುಂದಿನ ಬೆಂಚಿಗೆ ಮುಟ್ಟಬಾರದು.
ಅಷ್ಟು ಅಳತೆಯ ಗಂಟಲು ಎಂದು
ಮಾಜಾಳಿಯಿಂದ ಅಂಕೋಲೆವರೆಗೆ ಕರೆಯುತ್ತಾರೆ.
ಮನೆಯಲ್ಲೂ ಅಷ್ಟೇ ದನಿ. ರೂಢಿಯಾಗಿಬಿಟ್ಟಿದೆ.

ನಾಟಕ ವಿಠೋಬ ಮಾಸ್ತರರದು.
ಊರಿಗೊಂದು ಹೆಸರಿಟ್ಟು ಆಡಿದರೂ ಕತೆ ಒಂದೇ:
ಗಂಡ ಹಡಗಿಗೆ ಹೋಗುತ್ತಾನೆ, ಹೆಂಡತಿ ಜಾರುತ್ತಾಳೆ.
ಒಂದನೇ ಅಂಕದಲ್ಲಿ ಅಬ್ಬಲಿಗೆ, ಎರಡರಲ್ಲಿ ಪತ್ರ,
ಮೂರರಲ್ಲಿ ಬಾವಿ.
ಬಾವಿಗೆ ಮುಂಚೆ ಒಂದು ಮಾತು, ಪುಟ ನೂರ ಎಂಬತ್ತೊಂದು:
"ತಪ್ಪಿದೆ. ನಿಮ್ಮ ಕಾಲಿನ ಧೂಳಿಗೂ ಸಮನಲ್ಲ ನಾನು."
ಪಕ್ಕದಲ್ಲಿ ಮಾಸ್ತರರ ಕೆಂಪು ಪೆನ್ಸಿಲು:
ಇಲ್ಲಿ ಹೆಂಗಸರು ಅಳುತ್ತಾರೆ.
ಅಳುತ್ತಾರೆ, ನಿಜ.
ಗಂಡ ಹಡಗಿನಲ್ಲಿ ಏನು ಮಾಡಿದ ಎಂಬುದು
ಯಾವ ಅಂಕದಲ್ಲೂ ಇಲ್ಲ. ಹಡಗು ಪರದೆಯ ಹಿಂದೆ.

ಈಗ ನನ್ನದು ಹೇಳಬೇಕು.
ಸೇತುವೆ ಆಗುವ ಮುಂಚೆ,
ಕಾಳಿ ನದಿಗೆ ಲಾಂಚು ಓಡುತ್ತಿದ್ದ ಕಾಲ.
ತಿಸರೆ ತರುತ್ತೇನೆಂದು ಚೀಲ ಹಿಡಿದು ಹೋದ ಶೇವಂತಿ
ಸದಾಶಿವಗಡದ ಲಾಂಚು ಹತ್ತಿದಳು.
ಟಿಕೆಟು ಹರಿಯುತ್ತಿದ್ದವನ ಹೆಸರು ಊರಿಗೇ ಗೊತ್ತು,
ನಾನು ಹೇಳುವುದಿಲ್ಲ.
ಹನ್ನೊಂದು ದಿನ.
ಹನ್ನೆರಡನೆಯ ದಿನ ಬಂದಳು, ಚೀಲದಲ್ಲಿ ತಿಸರೆ ಇತ್ತು.
ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.
ತೊಳೆದು, ಬೇಯಿಸಿ, ಬಡಿಸಿದಳು.
ಬಾಯಿ ಬಿಟ್ಟವನ್ನು ತಿಂದೆ,
ಬಾಯಿ ಬಿಡದ ಎರಡನ್ನು ತಟ್ಟೆಯಂಚಿಗೆ ಇಟ್ಟೆ.

ದೇವರಂಥವನು ಅಂದರು ಜನ.
ದೇವರು ಅಂದರೆ ಸುಮ್ಮನಿರುವವನು ಅಂತ ಇರಬೇಕು ಅರ್ಥ.
ಒಳಗಿನದು ಬೇರೆ.
ನೂರ ಎಂಬತ್ತೊಂದನೇ ಪುಟ ಬಂದಾಗೆಲ್ಲ
ನಟಿಗೆ ಮಾತು ನೆನಪಿದ್ದರೂ ಎತ್ತಿಕೊಡುತ್ತಿದ್ದೆ,
ಅವಳಿಗಿಂತ ಅರ್ಧ ಉಸಿರು ಮೊದಲೇ.
ಶೇವಂತಿ ಆಡದ ಮಾತನ್ನು
ಗದಗಿನ, ಹಾವೇರಿಯ, ಇಳಕಲ್ಲಿನ ಹೆಂಗಸರಿಂದ
ಆಡಿಸಿ ಆಡಿಸಿ ಕೇಳಿಸಿಕೊಂಡೆ.
ಹೆಂಡತಿಗೆ ಒಂದು ದಿನ ಕೈ ಎತ್ತದವನು
ಕತ್ತಲಲ್ಲಿ ಕೂತು
ರಾತ್ರಿಗೊಬ್ಬಳನ್ನು ಬಾವಿಗೆ ದೂಡುತ್ತಿದ್ದೆ.
ಯಾರು ಯಾರಿಗೆ ತಪ್ಪಿದ್ದು, ಲೆಕ್ಕ ಹಾಕಿ.

ನಿನ್ನೆ ಬಂದವಳು ಪದ್ಮಾಕ್ಷಿ, ಹಾನಗಲ್ಲಿನವಳು,
ಐವತ್ತು ದಾಟಿದೆ, ಬಣ್ಣದಡಿ ಸುಸ್ತು.
ಪ್ಲೈವುಡ್ಡಿನ ಬಾವಿಕಟ್ಟೆ, ಹಿಂದೆ ಬೀಳಲಿಕ್ಕೆ ಗಾದಿ.
ಬಂದು ನಿಂತಳು. ಮಾತು ಬರಲಿಲ್ಲ.
ಹಾರ್ಮೋನಿಯಂ ಒಂದು ಸುತ್ತು ಹೆಚ್ಚಿಗೆ ನುಡಿಯಿತು.
ಎತ್ತಿಕೊಟ್ಟೆ. ಕೇಳಿಸಿತು ಅವಳಿಗೆ, ಜುಮಕಿ ಅಲುಗಿತು.
ಮತ್ತೆ ಎತ್ತಿಕೊಟ್ಟೆ.
ತಿರುಗಿ ನನ್ನ ಕಡೆ ನೋಡಿದಳು,
ಮರೆತವರು ನೋಡುವ ಹಾಗಲ್ಲ.
ಆಮೇಲೆ ಕಟ್ಟೆಯ ಮೇಲೆ ಕೂತಳು,
ಸೊಂಟ ನೋವಿದ್ದವರು ಕೂರುವ ಹಾಗೆ,
ಗಂಡನ ಪಾತ್ರದ ಗಣಪು ಹರಿಕಂತ್ರನಿಗೆ ಕೇಳಿದಳು:
"ಊಟ ಆತೇನ್ರಿ?"

ಪುಸ್ತಕದಲ್ಲಿಲ್ಲದ ಮಾತು.
ಗಣಪು ಬೆವರಿದ. ಮಾಸ್ತರರ ಮಗ ಎದ್ದು ನಿಂತ.
ಹೆಂಗಸರ ಕಡೆ ಯಾರೋ ನಕ್ಕರು, ಅಥವಾ ಅತ್ತರು,
ವಿಂಗಿನಿಂದ ತಿಳಿಯುವುದಿಲ್ಲ.
ಗಂಡನ ಮುಂದಿನ ಸಾಲು "ಸಾಯಿ, ಕುಲಗೇಡಿ"
ನನ್ನ ನಾಲಿಗೆಯ ತುದಿಯಲ್ಲಿತ್ತು.
ಗಣಪು ಕೈಚಾಚಿದ ಭಿಕ್ಷುಕನ ಹಾಗೆ ನನ್ನ ನೋಡುತ್ತಿದ್ದ.
ಎತ್ತಿಕೊಡಲಿಲ್ಲ.
ನೋಟ್‌ಬುಕ್ಕು ಮುಚ್ಚಿದೆ, ಬೆರಳು ಒಳಗೇ ಇತ್ತು.

ನಾಲ್ಕು ಗಂಟೆಗೆ ಮನೆ.
ಹೊಳೆಯಲ್ಲಿ ಇಳಿತ, ಕೆಸರಿನ ವಾಸನೆ.
ಶೇವಂತಿ ಚಿಲಕ ತೆಗೆದು ಒಳಗೆ ಹೋದಳು,
ಪಾತ್ರೆ ಮುಚ್ಚಿಟ್ಟ ಅನ್ನ, ಒಣಶೆಟ್ಲಿ ಚಟ್ನಿ.
ನಾನು ಬಾಗಿಲಲ್ಲೇ ನಿಂತು
"ನಿಂದು ಊಟ ಆಯ್ತಾ?" ಅಂದೆ.
ದನಿ ಅಳತೆ ತಪ್ಪಿತ್ತು. ನೆರೆಮನೆಯ ನಾಯಿ ಎದ್ದು ಬೊಗಳಿತು.

"ಅದ್ಯಾಕೆ ಕೂಗ್ತೀರಿ," ಅಂದಳು,
"ಇಲ್ಲೇ ಇದ್ದೇನಲ್ಲ."